ಫಾರಿನ್ ಟ್ರಿಪ್‌ಗೆ ಇನ್ನೊಂದೇ ವಾರ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಟ್ರಿಪ್‌ಗೆ ಒಂದು ವಾರ ಇದೆ ಅಂದ ತಕ್ಷಣ ಎಲ್ಲರ ಮನೇಲೂ ಮೊದಲು ಆಗೋ ಕೆಲಸ ಅಟ್ಟದ ಮೇಲಿಂದ ಸೂಟ್‌ಕೇಸ್ ಇಳಿಸೋದು. ದಯವಿಟ್ಟು ಅದನ್ನ ಅಲ್ಲೇ ಬಿಡಿ. ಬಟ್ಟೆ ತುಂಬೋದು ಶುಕ್ರವಾರ ರಾತ್ರಿ ಶುರು ಮಾಡಿದ್ರೂ ಮುಗಿಯತ್ತೆ, ಆದ್ರೆ ಟಿಕೆಟ್ಟಲ್ಲಿ ಹೆಸರು ತಪ್ಪಿದ್ರೆ, ಸಿಮ್ಮಿಗೆ ಓಟಿಪಿ ಬರ್ದೇ ಇದ್ರೆ ಶುಕ್ರವಾರ ರಾತ್ರಿ ಯಾರೂ ನಿಮ್ಮ ಫೋನ್ ಎತ್ತಲ್ಲ. ಹಂಗಾಗಿ ಬೇರೆಯವರು ಮಾಡಿಕೊಡಬೇಕಾದ ಕೆಲಸ ಎಲ್ಲ ವಾರದ ಶುರೂಲಿ, ನಮ್ಮ ಕೈಲೇ ಇರೋ ಕೆಲಸ ಎಲ್ಲ ಕೊನೇಲಿ. ಈ ಒಂದನ್ನ ತಲೇಲಿಟ್ಕೊಂಡ್ರೆ ಉಳಿದಿದ್ದು ತಾನಾಗೇ ಸಾಲಾಗಿ ಬರತ್ತೆ.

ಉದಾಹರಣೆಗೆ ಬೆಂಗಳೂರಿಂದ ಸಿಂಗಾಪುರಕ್ಕೆ ಹೋಗೋ ಒಂದು ಫ್ಯಾಮಿಲಿ ಇಟ್ಕೊಳ್ಳೋಣ. ಗಂಡ ಹೆಂಡ್ತಿ, ಸ್ಕೂಲಿಗೆ ಹೋಗೋ ಮಗು, ಜೊತೆಗೆ ಅಜ್ಜಿ ತಾತ. ಶನಿವಾರ ರಾತ್ರಿ ಫ್ಲೈಟು, ಭಾನುವಾರ ಬೆಳಿಗ್ಗೆ ಇಳಿಯೋದು. ಬೇರೆ ದೇಶಕ್ಕೆ ಹೋಗೋರು ಕೂಡ ಇದೇ ಲೆಕ್ಕದಲ್ಲಿ ಹೋಗಬಹುದು, ವ್ಯತ್ಯಾಸ ಇರೋ ಕಡೆ ಹೇಳ್ತೀನಿ.

ಭಾನುವಾರ, ಸೋಮವಾರ: ಹೆಸರು ಮತ್ತು ತಾರೀಖು

ಎಲ್ಲರ ಪಾಸ್‌ಪೋರ್ಟೂ ಟೇಬಲ್ ಮೇಲೆ ಹಾಕಿ, ಪಕ್ಕದಲ್ಲಿ ಟಿಕೆಟ್ಟು ವೀಸಾ ಇಟ್ಕೊಂಡು ಅಕ್ಷರ ಅಕ್ಷರ ಓದಿ. ನೀವೊಬ್ರೇ ಓದಬೇಡಿ, ಒಬ್ಬರು ಪಾಸ್‌ಪೋರ್ಟ್ ಓದಿ ಇನ್ನೊಬ್ಬರು ಟಿಕೆಟ್ ನೋಡ್ಲಿ, ಯಾಕಂದ್ರೆ ನಮ್ಮ ಹೆಸರನ್ನ ನಾವೇ ಓದುವಾಗ ಕಣ್ಣು ತಪ್ಪನ್ನ ಹಾರಿಸ್ಕೊಂಡು ಹೋಗತ್ತೆ. ನಮ್ಮ ಕಡೆಯವರಿಗೆ ಇಲ್ಲೊಂದು ಸ್ಪೆಷಲ್ ತಲೆನೋವಿದೆ, ಇನಿಶಿಯಲ್ಲು. ಆಧಾರಲ್ಲಿ ಹೆಸರಿನ ಹಿಂದೆ ಒಂದಕ್ಷರ, ಪ್ಯಾನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಬುಕ್ ಮಾಡೋ ಸೈಟು ಸರ್‌ನೇಮ್ ಇಲ್ದೇ ಮುಂದೆ ಹೋಗಲ್ಲ ಅಂತ ಯಾರೋ ಅಲ್ಲಿ ಊರಿನ ಹೆಸರು ತುಂಬಿರ್ತಾರೆ. ಸರ್‌ನೇಮ್ ಇಲ್ಲದೋರಿಗೆ ಏನು ತುಂಬಬೇಕು ಅಂತ ಏರ್‌ಲೈನ್ ಏರ್‌ಲೈನಿಗೂ ರೂಲ್ಸು ಬೇರೆ, ಕೆಲವರು ಹೆಸರನ್ನೇ ಎರಡು ಸಲ ಹಾಕಿ ಅಂತಾರೆ. ಕಸ್ಟಮರ್ ಕೇರಿಗೆ ಸೋಮವಾರವೇ ಫೋನ್ ಮಾಡಿ ಕೇಳಿ, ಸಣ್ಣ ಸ್ಪೆಲ್ಲಿಂಗ್ ಆದ್ರೆ ಸರಿ ಮಾಡಿಕೊಡ್ತಾರೆ, ಟ್ರಾವೆಲ್ ಸೈಟಲ್ಲಿ ಬುಕ್ ಮಾಡಿದ್ರೆ ಮಾತ್ರ ಏರ್‌ಲೈನಿನೋರು ಅವರನ್ನ ಕೇಳಿ ಅಂತಾರೆ, ಅವರು ಇವರನ್ನ ಕೇಳಿ ಅಂತಾರೆ, ಅದಕ್ಕೇ ಸೋಮವಾರ ಅಂದಿದ್ದು. ದುಬೈ ಕಡೆ ಹೋಗೋರು ಇನ್ನೂ ಹುಷಾರು, 2022ರ ನವೆಂಬರಿಂದ ಯುಎಇ ವಿಸಿಟ್ ವೀಸಾದಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಅಡ್ಡಿ ಬಂದಿದೆ.

ಪಾಸ್‌ಪೋರ್ಟ್ ಮುಗಿಯೋ ತಾರೀಖು ಟ್ರಿಪ್‌ನಿಂದ ಕನಿಷ್ಠ ಆರು ತಿಂಗಳು ಆಚೆ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಮೊದಲು ನೋಡಿ, ಅದು ಐದೇ ವರ್ಷಕ್ಕೆ ಮುಗಿಯತ್ತೆ, ದೊಡ್ಡೋರದ್ದು ಹತ್ತು ವರ್ಷ ಅಂತ ನಾವು ಅದೇ ಗುಂಗಲ್ಲಿರ್ತೀವಿ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕೇ ಬೇಕು, ಅದು ಈ ವಾರದ ಕೆಲಸ ಅಲ್ಲ, ಮುಂಚೆನೇ ಆಗಿರಬೇಕು. ಇನ್ನೂ ಬಂದಿಲ್ಲ ಅಂದ್ರೆ ಏಜೆಂಟಿಗೆ ಇವತ್ತೇ ಫೋನ್ ಹಾಕಿ. ಕೀನ್ಯಾ ತರ ಆಫ್ರಿಕಾ ಕಡೆ ಹೋಗೋರು ಯೆಲ್ಲೋ ಫೀವರ್ ಲಸಿಕೆ ವಿಷಯನೂ ಮುಂಚೆನೇ ನೋಡಿರಬೇಕು, ಆ ಸರ್ಟಿಫಿಕೇಟು ಲಸಿಕೆ ಹಾಕಿಸ್ಕೊಂಡು 10 ದಿನ ಆದ್ಮೇಲೆನೇ ಲೆಕ್ಕಕ್ಕೆ ಬರೋದು, ಒಂದು ವಾರ ಸಾಕಾಗಲ್ಲ.

ಇನ್ನೊಂದು, ಫ್ಲೈಟ್ ರಾತ್ರಿ 12 ದಾಟಿದ ಮೇಲೆ ಇದ್ರೆ ತಾರೀಖು ಗಟ್ಟಿಯಾಗಿ ಹೇಳ್ಕೊಳ್ಳಿ. ಭಾನುವಾರ 00:40 ಅಂತ ಟಿಕೆಟ್ಟಲ್ಲಿ ಇದ್ರೆ ಮನೆ ಬಿಡೋದು ಶನಿವಾರ ಸಂಜೆ. ಕ್ಯಾಲೆಂಡರಲ್ಲಿ ಶನಿವಾರಕ್ಕೇ ಸುತ್ತು ಹಾಕಿ. ಭಾನುವಾರ ರಾತ್ರಿ ಅಂದ್ಕೊಂಡು ಫ್ಲೈಟ್ ಬಿಟ್ಟೋರ ಕತೆ ಏರ್‌ಪೋರ್ಟ್ ಟ್ಯಾಕ್ಸಿ ಡ್ರೈವರ್‌ಗಳನ್ನ ಕೇಳಿ, ರಾಶಿ ಹೇಳ್ತಾರೆ.

ಮಂಗಳವಾರ: ಫೋನು, ಸಿಮ್ಮು, ಓಟಿಪಿ

ಇದಕ್ಕೆ ಒಂದು ಪೂರ್ತಿ ಸಂಜೆ ಎತ್ತಿಡಿ. ಈಗ ಊರಾಚೆ ಹೋದ್ರೆ ನಮ್ಮ ದುಡ್ಡು, ಮೇಲ್, ಟಿಕೆಟ್ ಎಲ್ಲದಕ್ಕೂ ಬೀಗದ ಕೈ ಆ ಹತ್ತಂಕಿ ಮೊಬೈಲ್ ನಂಬರ್, ಅದೊಂದು ಕೆಲಸ ಮಾಡ್ಲಿಲ್ಲ ಅಂದ್ರೆ ಕಾರ್ಡ್ ಇದ್ರೂ ಪ್ರಯೋಜನ ಇಲ್ಲ.

ಮೊದಲು ನೋಡಬೇಕಾದ್ದು ಪ್ರೀಪೇಯ್ಡ್ ರೀಚಾರ್ಜ್ ಯಾವತ್ತು ಮುಗಿಯತ್ತೆ ಅನ್ನೋದು. ಟ್ರಿಪ್ ಮಧ್ಯದಲ್ಲಿ ವ್ಯಾಲಿಡಿಟಿ ಮುಗಿದ್ರೆ ಓಟಿಪಿ ನಂಬ್ಕೊಂಡು ಕೂರೋ ಹಾಗಿಲ್ಲ, ಆವಾಗ ರೀಚಾರ್ಜ್ ಮಾಡೋಕ್ಕೂ ಓಟಿಪಿ ಕೇಳತ್ತೆ, ಒಳ್ಳೆ ಫಜೀತಿ. ಈಗಲೇ ಮುಂದಕ್ಕೆ ಹಾಕಿಸಿಬಿಡಿ. ಆಮೇಲೆ ನಿಮ್ಮ ಕಂಪನಿ ಆ್ಯಪಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಇದೆಯಾ ನೋಡಿ. ಹೊರಗಡೆ ಮೆಸೇಜ್ ಬರೋದಕ್ಕೆ ಸಾಮಾನ್ಯವಾಗಿ ದುಡ್ಡು ಹಿಡಿಯಲ್ಲ, ಆದ್ರೆ ರೋಮಿಂಗ್ ಆ್ಯಕ್ಟಿವ್ ಇರಬೇಕು, ಕೆಲವು ಪ್ಲಾನಲ್ಲಿ ಪ್ಯಾಕ್ ಹಾಕಿಸಿದ್ರೇನೇ ಸಿಗ್ನಲ್ ಸಿಗೋದು. ನಿಮ್ಮ ಪ್ಲಾನಿಗೆ ಹೇಗೆ ಅಂತ ಕಸ್ಟಮರ್ ಕೇರಲ್ಲಿ ಕೇಳಿ, ಸಾಧ್ಯ ಆದ್ರೆ ಚಾಟಲ್ಲಿ ಕೇಳಿ, ಸ್ಕ್ರೀನ್‌ಶಾಟ್ ಇರತ್ತೆ.

ಈ ವಾರದಲ್ಲಿ ಸಿಮ್ ಬದಲಾಯಿಸೋಕ್ಕೆ ಹೋಗಲೇಬೇಡಿ. ಹಳೇ ಸಿಮ್ ಸವೆದಿದೆ ಡೂಪ್ಲಿಕೇಟ್ ತಗೊಳ್ಳೋಣ, ಇರೋ ಸಿಮ್ಮನ್ನ ಇ-ಸಿಮ್ (ಕಾರ್ಡ್ ಇಲ್ದೇ ಫೋನ್ ಒಳಗೇ ಇರೋ ಸಿಮ್ಮು) ಮಾಡಿಸೋಣ, ಈ ತರ ಐಡಿಯಾಗಳು ಸರಿಯಾಗಿ ಟ್ರಿಪ್ ಮುಂಚೆನೇ ಬರತ್ತೆ ನೋಡಿ. ಸಿಮ್ ಬದಲಾದ ಮೇಲೆ 24 ಗಂಟೆ ಮೆಸೇಜ್ ಬರಲ್ಲ, ಮೋಸ ತಡಿಯೋಕ್ಕೆ ಅಂತ ಸರ್ಕಾರನೇ ಮಾಡಿರೋ ರೂಲ್ಸು ಅದು. ಅದರ ಮೇಲೆ ಬ್ಯಾಂಕ್ ಆ್ಯಪು, ಯುಪಿಐ ಎಲ್ಲ ಮತ್ತೆ ರಿಜಿಸ್ಟರ್ ಆಗು ಅನ್ನತ್ತೆ. ಮಾಡಿಸಲೇಬೇಕು ಅನ್ನೋ ಹಾಗೆ ಸಿಮ್ ಕೆಟ್ಟೇ ಹೋಗಿದ್ರೆ ಮಂಗಳವಾರನೇ ಮಾಡಿಸಿ, ಗುರುವಾರ ಅಲ್ಲ. ಹೊಸ ಫೋನ್ ತಗೊಂಡು ಹೋಗೋಣ ಫೋಟೋ ಚೆನ್ನಾಗಿ ಬರತ್ತೆ ಅನ್ನೋರಿಗೂ ಇದೇ ಮಾತು. ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದ್ರೆ ಅದನ್ನೂ ಮಂಗಳವಾರವೇ ಹಾಕಿ, ಇಲ್ಲಾ ವಾಪಸ್ ಬಂದ್ಮೇಲೆ ಹಾಕಿ, ಕೊನೇ ಮೂರು ದಿನ ಫೋನ್ ಹೇಗಿದೆಯೋ ಹಾಗೇ ಇರಲಿ.

ಇಂಟರ್ನೆಟ್ಟಿಗೆ ಟ್ರಾವೆಲ್ ಇ-ಸಿಮ್ ತಗೊಳ್ಳೋದು ಈಗ ಸುಲಭ. ನಿಮ್ಮ ಫೋನಿಗೆ ಆಗತ್ತಾ ನೋಡೋಕ್ಕೆ *#06# ಒತ್ತಿ, ಐಎಂಇಐ ಜೊತೆಗೆ ಇಐಡಿ ಅಂತ ಒಂದು ಉದ್ದ ನಂಬರ್ ಬಂದ್ರೆ ಆಗತ್ತೆ. ಕ್ಯೂಆರ್ ಕೋಡ್ ಬಂದ್ಮೇಲೆ ಮನೆ ವೈಫೈನಲ್ಲೇ ಇನ್‌ಸ್ಟಾಲ್ ಮಾಡ್ಕೊಳ್ಳಿ, ಅಲ್ಲಿ ಇಳಿದು ಮಾಡ್ತೀನಿ ಅಂದ್ರೆ ಇನ್‌ಸ್ಟಾಲ್ ಮಾಡೋಕ್ಕೇ ಇಂಟರ್ನೆಟ್ ಬೇಕು. ಪ್ಲಾನ್ ಯಾವಾಗಿಂದ ಶುರು ಅಂತ ಮಾತ್ರ ಮೊದಲು ಓದಿ, ಕೆಲವು ಇನ್‌ಸ್ಟಾಲ್ ಆದ ತಕ್ಷಣ ಶುರು ಆಗತ್ತೆ, ಕೆಲವು ಆ ದೇಶದ ನೆಟ್‌ವರ್ಕ್ ಸಿಕ್ಕಮೇಲೆ. ಆ ಕ್ಯೂಆರ್ ಎಷ್ಟೋ ಕಡೆ ಒಂದೇ ಸಲ ಕೆಲಸ ಮಾಡೋದು, ಹಂಗಾಗಿ ಸರಿಯಾಗಿ ಬಂದಿಲ್ಲ ಅಂತ ಡಿಲೀಟ್ ಮಾಡಬೇಡಿ. ಊರಿನ ಸಿಮ್ ಫೋನಿಂದ ತೆಗೀಬೇಡಿ, ತೆಗೆದ್ರೆ ಯುಪಿಐ ತಕರಾರು ಮಾಡತ್ತೆ, ಓಟಿಪಿನೂ ಬರಲ್ಲ. ವಾಟ್ಸಾಪ್ ಹೊಸ ನಂಬರ್ ಬಳಸ್ತೀರಾ ಅಂತ ಕೇಳಿದ್ರೆ ಬೇಡ ಅನ್ನಿ, ಹಳೇ ನಂಬರಲ್ಲೇ ನಡೆಯತ್ತೆ.

ಮೇಲ್ ವಿಷಯ. ಬೇರೆ ದೇಶದಿಂದ ಲಾಗಿನ್ ಆದ್ರೆ ನೀವೇನಾ ಅಂತ ಗೂಗಲ್ ಕೇಳಬಹುದು. ಟೂ ಸ್ಟೆಪ್, ಅಂದ್ರೆ ಪಾಸ್ವರ್ಡ್ ಆದ್ಮೇಲೆ ಇನ್ನೊಂದು ಕೋಡ್ ಕೇಳೋದು, ಇಟ್ಕೊಂಡಿರೋರು ಬ್ಯಾಕಪ್ ಕೋಡ್ ತೆಕ್ಕೊಳ್ಳಿ, 8 ಅಂಕಿಯ 10 ಕೋಡ್ ಕೊಡತ್ತೆ, ಒಂದು ಚೀಟೀಲಿ ಬರ್ಕೊಂಡು ಪರ್ಸಲ್ಲಿ ಇಡಿ. ಫೋನ್ ಕಳ್ಕೊಂಡ್ರೆ ಉಳಿಸೋದು ಆ ಚೀಟಿನೇ, ಹಾಗಾಗಿ ಅದರ ಫೋಟೋ ತೆಗೆದು ಅದೇ ಫೋನಲ್ಲಿ ಇಟ್ಕೊಳ್ಳೋದ್ರಲ್ಲಿ ಏನರ್ಥ.

ಸ್ಟೋರೇಜ್ ಫುಲ್ ಅಂತ ಮೊದಲ ದಿನನೇ ಫೋಟೋ ತೆಗಿಯೋಕ್ಕಾಗ್ದೇ ಪೇಚಾಡೋರು ಬಹಳ. ವಾಟ್ಸಾಪ್ ಸ್ಟೋರೇಜ್ ಒಳಗೆ ಹೋಗಿ ದೊಡ್ಡ ವಿಡಿಯೋ ಎಲ್ಲ ಅಳಿಸಿ, ಶುಭೋದಯದ ವಿಡಿಯೋಗಳೇ ಎಷ್ಟೋ ಜಿಬಿ ತಿಂದಿರತ್ತೆ, ಅಳಿಸಿದ್ರೆ ಕಳಿಸಿದ ಚಿಕ್ಕಪ್ಪನಿಗೆ ಗೊತ್ತಾಗಲ್ಲ. ಫೋಟೋ ಬ್ಯಾಕಪ್ ಮನೆ ವೈಫೈನಲ್ಲಿ ರಾತ್ರಿ ಹಾಕಿ ಮಲ್ಕೊಳ್ಳಿ.

ಅಜ್ಜಿ ತಾತನ ಫೋನನ್ನ ಮರೀಬೇಡಿ. ಅವರದ್ದು ಇ-ಸಿಮ್ ಇಲ್ಲದ ಫೋನ್ ಆಗಿದ್ರೆ ಸಿಂಗಾಪುರದ ಚಾಂಗಿ ಏರ್‌ಪೋರ್ಟಲ್ಲಿ ಟೂರಿಸ್ಟ್ ಸಿಮ್ ತಗೊಳ್ಳಬಹುದು, ಇಲ್ಲಾಂದ್ರೆ ನಿಮ್ಮ ಹಾಟ್‌ಸ್ಪಾಟ್ ಸಾಕು. ಮೊಬೈಲ್ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ ಕೊಡಿ. ಪೋಸ್ಟ್‌ಪೇಯ್ಡ್ ನಂಬರಲ್ಲಿ ಪ್ಯಾಕ್ ಇಲ್ದೇ ಅಲ್ಲಿ ಯೂಟ್ಯೂಬ್ ಭಜನೆ ಹಚ್ಚಿದ್ರೆ ಬರೋ ಬಿಲ್ಲು ನೋಡಿ ನೀವು ಭಜನೆ ಮಾಡಬೇಕಾಗತ್ತೆ.

ಬುಧವಾರ: ದುಡ್ಡು

2020ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ರೂಲ್ಸ್ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ಫಾರಿನ್ ಬಳಕೆ ಆಫ್ ಆಗೇ ಬರತ್ತೆ, ನಾವೇ ಆನ್ ಮಾಡ್ಬೇಕು. ಬ್ಯಾಂಕ್ ಆ್ಯಪಲ್ಲಿ ಕಾರ್ಡ್ ಕಂಟ್ರೋಲ್ ಒಳಗೆ ಹೋಗಿ ಇಂಟರ್‌ನ್ಯಾಷನಲ್ ಆನ್ ಮಾಡಿ, ಅದರೊಳಗೂ ಎಟಿಎಂ, ಅಂಗಡಿ, ಆನ್‌ಲೈನ್, ಟ್ಯಾಪ್ ಮಾಡೋದು ಅಂತ ಬೇರೆ ಬೇರೆ ಸ್ವಿಚ್ ಇರತ್ತೆ, ಒಂದನ್ನ ಆನ್ ಮಾಡಿ ಬಂದ್ಬಿಡಬೇಡಿ. ಟ್ಯಾಪ್ ಮಾಡೋದು ಸಿಂಗಾಪುರದಲ್ಲಿ ತುಂಬಾ ಮುಖ್ಯ, ಅಲ್ಲಿ ಎಂಆರ್‌ಟಿ ರೈಲು, ಬಸ್ಸಿಗೆಲ್ಲ ವೀಸಾ ಕಂಪನಿ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಗೇಟಿಗೆ ತೋರಿಸಿ ಒಳಗೆ ಹೋಗಬಹುದು. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡಲ್ಲಿ ಇಡೀ ಮನೆಯವರು ಹೋಗೋಕ್ಕಾಗಲ್ಲ. ಹೊರದೇಶದ ಕಾರ್ಡಿಗೆ ದಿನಕ್ಕೆ 60 ಸೆಂಟ್ ಹೆಚ್ಚಿಗೆ ಹಿಡೀತಾರೆ, ತುಂಬಾ ದಿನ ಓಡಾಡೋರು ಸ್ಟೇಷನ್ನಲ್ಲೇ ಟ್ರಾವೆಲ್ ಕಾರ್ಡ್ ತಗೊಳ್ಳೋದೇ ವಾಸಿ.

ಮಾಮೂಲಿ ಕ್ರೆಡಿಟ್ ಕಾರ್ಡ್ ಉಜ್ಜಿದ್ರೆ ಸುಮಾರು ಮೂರೂವರೆ ಪರ್ಸೆಂಟ್ ತನಕ ಮಾರ್ಕಪ್ಪು, ಅದರ ಮೇಲೆ ಜಿಎಸ್‌ಟಿ ಬೇರೆ. ದೊಡ್ಡ ಖರ್ಚಿಗೆ ಫಾರೆಕ್ಸ್ ಕಾರ್ಡ್ (ಮುಂಚೆನೇ ಆ ದೇಶದ ದುಡ್ಡು ತುಂಬಿಸಿಡೋ ಕಾರ್ಡ್) ಪರವಾಗಿಲ್ಲ, ಅದಕ್ಕೆ ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕಾಪಿ ಹಿಡ್ಕೊಂಡು ಬುಧವಾರನೇ ಹೋಗಿ, ಬಂದ್ಮೇಲೆ ಅದನ್ನ ಆ್ಯಕ್ಟಿವೇಟ್ ಮಾಡಿ ಪಿನ್ ಹಾಕೋದಕ್ಕೇ ಒಂದು ಸಂಜೆ ಹೋಗತ್ತೆ. ಕ್ಯಾಶ್ ಬೇಕು ಅಂದ್ರೆ ಎಂ.ಜಿ. ರೋಡ್, ಜಯನಗರದ ಕಡೆ ಮನಿ ಚೇಂಜರ್‌ಗಳಲ್ಲಿ ರೇಟ್ ವಿಚಾರಿಸಿ ತಗೊಳ್ಳಿ, ಏರ್‌ಪೋರ್ಟ್ ಕೌಂಟರ್ ರೇಟು ನೋಡಿದ್ರೆ ಹೊಟ್ಟೆ ಉರಿಯತ್ತೆ. 50,000 ರೂಪಾಯಿ ದಾಟಿದ್ರೆ ನೋಟು ಕೊಟ್ಟು ತಗೊಳ್ಳೋಕ್ಕಾಗಲ್ಲ, ಬ್ಯಾಂಕ್ ಮೂಲಕವೇ ಕಟ್ಟಬೇಕು. ಅಲ್ಲಿ ಅಂಗಡೀಲಿ ಮಷಿನ್ನು ರೂಪಾಯೀಲಿ ಕಟ್ತೀರಾ ಡಾಲರಲ್ಲಿ ಕಟ್ತೀರಾ ಅಂತ ಕೇಳತ್ತೆ. ರೂಪಾಯಿ ಕಂಡ ಖುಷಿಗೆ ಅದನ್ನ ಒತ್ತಬೇಡಿ, ಆ ರೇಟಲ್ಲಿ ಅವರ ಕಮಿಷನ್ ಸೇರಿರತ್ತೆ, ಯಾವಾಗ್ಲೂ ಆ ದೇಶದ ದುಡ್ಡೇ.

ಟ್ರಾವೆಲ್ ಇನ್ಶೂರೆನ್ಸ್ ಇವತ್ತೇ ಮಾಡಿ. ಅಜ್ಜಿ ತಾತಂಗೆ ಬಿಪಿ ಶುಗರ್ ಇದ್ರೆ ಫಾರಮ್ಮಲ್ಲಿ ಮುಚ್ಚಿಡಬೇಡಿ, ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗತ್ತೆ ಅಷ್ಟೆ, ಮುಚ್ಚಿಟ್ರೆ ಕ್ಲೇಮ್ ಟೈಮಲ್ಲಿ ಅದನ್ನೇ ಹಿಡ್ಕೊಳ್ತಾರೆ. ಮಂಡಿ ನೋವಿದ್ರೆ ವೀಲ್‌ಚೇರ್‌ನೂ ಇವತ್ತೇ ಏರ್‌ಲೈನಿಗೆ ಹೇಳಿಡಿ, ಮರ್ಯಾದೆ ಕಡಿಮೆ ಅಂತ ತಾತ ಬೇಡ ಅಂದ್ರೂ ಹೇಳಿ, ಬೆಂಗಳೂರು ಏರ್ಪೋರ್ಟಿನ ಟರ್ಮಿನಲ್ 2ರಲ್ಲಿ ನಡೆಯೋ ದೂರ ನೋಡಿದ್ಮೇಲೆ ಅವರೇ ಕೂತ್ಕೊಳ್ತಾರೆ.

ಗುರುವಾರ: ಮನೆ

ಮಾತ್ರೆಗಳು ಮೊದಲು. ಟ್ರಿಪ್ ದಿನ ಲೆಕ್ಕ ಹಾಕಿ ಅದರ ಮೇಲೆ ಒಂದು ವಾರದ್ದು ಹೆಚ್ಚಿಗೆ, ಶೀಟಲ್ಲೇ ಇರಲಿ, ಡಬ್ಬಿಗೆ ಬಿಡಿಸಿ ಹಾಕಬೇಡಿ, ಡಾಕ್ಟರ್ ಚೀಟಿ ಜೊತೆಗೆ. ಎಲ್ಲ ಹ್ಯಾಂಡ್ ಬ್ಯಾಗಲ್ಲಿ.

ಹಾಲಿನವರಿಗೆ, ಪೇಪರಿನವರಿಗೆ, ಕೆಲಸದವರಿಗೆ ಹೇಳೋದು. ಗೇಟ್ ಮುಂದೆ ಪೇಪರ್ ರಾಶಿ ಬಿದ್ದಿದ್ರೆ ಮನೇಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೇ. ಬೆಸ್ಕಾಂ ಬಿಲ್ಲು, ಕ್ರೆಡಿಟ್ ಕಾರ್ಡ್ ಬಿಲ್ಲು ನಡುವೆ ಬರೋದಾದ್ರೆ ಈಗಲೇ ಕಟ್ಟಿಬಿಡಿ. ಒಂದು ಚಿಕ್ಕ ವಿಷಯ ಎಲ್ಲರೂ ಬಿಟ್ಬಿಡ್ತಾರೆ, ಮನೆ ಬ್ರಾಡ್‌ಬ್ಯಾಂಡ್ ಪ್ಲಾನ್ ಮುಗಿಯೋ ತಾರೀಖು. ಸಿಸಿಟಿವಿ ಹಾಕಿಸಿ ಮೊಬೈಲಲ್ಲಿ ಮನೆ ನೋಡ್ಬಹುದು ಅಂತ ನೆಮ್ಮದಿಯಾಗಿ ಹೋಗಿರ್ತೀರಿ, ಅಲ್ಲಿ ಹೋದ ಎರಡನೇ ದಿನ ವೈಫೈ ಪ್ಲಾನ್ ಮುಗಿದು ಕ್ಯಾಮೆರಾ ಆಫ್‌ಲೈನ್ ತೋರಿಸ್ತಾ ಇರತ್ತೆ. ಕರೆಂಟ್ ಹೋಗಿ ಬಂದ್ರೆ ರೂಟರ್ ತಾನಾಗೇ ಆನ್ ಆಗತ್ತಾ ಅಂತಾನೂ ಒಂದ್ಸಲ ಸ್ವಿಚ್ ಆಫ್ ಮಾಡಿ ನೋಡಿ. ಪಕ್ಕದ ಮನೆ ಆಂಟಿ ಹತ್ರ ಒಂದು ಕೀ, ತುಳಸಿ ಗಿಡಕ್ಕೆ ನೀರಿಗೂ ಆಯ್ತು. ಬೀಟ್ ಪೊಲೀಸರಿಗೂ ಒಂದು ಮಾತು ಹೇಳಿಡಿ. ಹೋಗ್ತಿರೋ ವಿಷಯ ಸ್ಟೇಟಸ್‌ಗೆ ಈಗಲೇ ಹಾಕಬೇಡಿ, ಫೋಟೋ ಎಲ್ಲ ವಾಪಸ್ ಬಂದ್ಮೇಲೆ ಹಾಕಿದ್ರೂ ಲೈಕ್ ಅಷ್ಟೇ ಬರತ್ತೆ.

ಶುಕ್ರವಾರ: ಅರೈವಲ್ ಕಾರ್ಡು, ಪ್ರಿಂಟು, ಬ್ಯಾಗು

ಸಿಂಗಾಪುರಕ್ಕೆ ಎಸ್‌ಜಿ ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬಬೇಕು, ಇಳಿಯೋ ದಿನ ಸೇರಿಸಿ ಮೂರು ದಿನದ ಒಳಗೆ. ಭಾನುವಾರ ಇಳಿಯೋರಿಗೆ ಶುಕ್ರವಾರದಿಂದ. ಅದಕ್ಕೆ ದುಡ್ಡಿಲ್ಲ. ಗೂಗಲಲ್ಲಿ ಹುಡುಕಿದ್ರೆ ಸರ್ಕಾರದ ತರನೇ ಕಾಣೋ ಸೈಟುಗಳು ಬಂದು ಡಾಲರಲ್ಲಿ ಫೀಸ್ ಕೇಳತ್ತೆ, ಕಾರ್ಡ್ ನಂಬರ್ ಕೇಳಿದ ತಕ್ಷಣ ಮುಚ್ಚಿ ಆಚೆ ಬನ್ನಿ. ವಲಸೆ ಇಲಾಖೆ ಐಸಿಎ ಸೈಟೇ ಅಸಲಿ. ಥಾಯ್ಲೆಂಡಿಗೂ 2025ರ ಮೇ 1ರಿಂದ ಇಂಥದೇ ಡಿಜಿಟಲ್ ಕಾರ್ಡ್ ಬಂದಿದೆ, ಮಲೇಷ್ಯಾಗೂ ಇದೆ, ಅವೂ ಫ್ರೀನೇ. ತುಂಬುವಾಗ ಇಮೇಲ್ ವಿಳಾಸ ಎರಡು ಸಲ ನೋಡಿ, ಸಿಂಗಾಪುರದಲ್ಲಿ ಪಾಸ್‌ಪೋರ್ಟಿಗೆ ಸೀಲ್ ಹೊಡಿಯಲ್ಲ, ಎಷ್ಟು ದಿನ ಇರಬಹುದು ಅನ್ನೋ ಪಾಸು ಆ ಇಮೇಲಿಗೇ ಬರೋದು. ತಾತಂಗೆ ಇಮೇಲ್ ಇಲ್ಲ ಅಂತ ಬಾಯಿಗೆ ಬಂದಿದ್ದು ಹಾಕಬೇಡಿ, ನಿಮ್ಮದೇ ಹಾಕಿ.

ಆಮೇಲೆ ಪ್ರಿಂಟ್. ವೀಸಾ, ಹೋಗೋ ಬರೋ ಟಿಕೆಟ್, ಹೋಟೆಲ್ ಬುಕಿಂಗ್, ಇನ್ಶೂರೆನ್ಸ್, ಎಲ್ಲ ಎರಡು ಸೆಟ್, ಬೇರೆ ಬೇರೆ ಬ್ಯಾಗಲ್ಲಿ. ಮನೆ ಪ್ರಿಂಟರ್ ಇವತ್ತು ಕೆಲಸ ಮಾಡಲ್ಲ, ಅದು ಖಾತ್ರಿ, ಅದರ ಜೊತೆ ಗುದ್ದಾಡದೇ ರಸ್ತೆ ಕೊನೆ ಝೆರಾಕ್ಸ್ ಅಂಗಡಿಗೆ ಹೋಗಿ. ಅಲ್ಲಿ ವಾಟ್ಸಾಪಲ್ಲಿ ಫೈಲ್ ಕಳಿಸಿದ್ರೆ ಪ್ರಿಂಟ್ ಆದ್ಮೇಲೆ ಅವರ ಕಂಪ್ಯೂಟರಿಂದ ಡಿಲೀಟ್ ಮಾಡಿ ಅಂತ ಹೇಳಿ, ಪಾಸ್‌ಪೋರ್ಟ್ ಕಾಪಿ ಅದು, ಸಂಕೋಚ ಬೇಡ. ಅವೇ ಪಿಡಿಎಫ್‌ಗಳು ಫೋನಲ್ಲಿ ಇಂಟರ್ನೆಟ್ ಇಲ್ದೇ ತೆರೆಯೋ ಹಾಗೆ ಡೌನ್‌ಲೋಡ್ ಆಗಿರ್ಲಿ. ಮ್ಯಾಪಲ್ಲೂ ಸಿಂಗಾಪುರ ಆಫ್‌ಲೈನ್ ಇಳಿಸ್ಕೊಳ್ಳಿ.

ಈಗ ಸೂಟ್‌ಕೇಸ್ ಇಳಿಸಿ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗಿಲ್ಲ, ಕೈ ಬ್ಯಾಗಲ್ಲೇ. 100 ವ್ಯಾಟ್ ಅವರ್ ಒಳಗಿದ್ರೆ ಸಲೀಸು, 20,000 ಎಂಎಎಚ್ ಅಂದ್ರೆ 74 ವ್ಯಾಟ್ ಅವರ್, ತೊಂದರೆ ಇಲ್ಲ, ಆದ್ರೆ ಅದರ ಮೇಲೆ ಬರೆದಿರೋ ಅಕ್ಷರ ಸವೆದು ಹೋಗಿದ್ರೆ ಸೆಕ್ಯೂರಿಟೀಲಿ ತಗಾದೆ. ಸಿಂಗಾಪುರ್ ಏರ್‌ಲೈನ್ಸ್ 2025ರ ಏಪ್ರಿಲಿಂದ ವಿಮಾನದೊಳಗೆ ಪವರ್ ಬ್ಯಾಂಕಿಂದ ಚಾರ್ಜ್ ಮಾಡೋದನ್ನೇ ನಿಲ್ಲಿಸಿದೆ, ಫೋನ್ ಮನೇಲೇ ಫುಲ್ ಚಾರ್ಜ್ ಮಾಡಿ. ಅಲ್ಲಿನ ಪ್ಲಗ್ಗು ಮೂರು ಚಪ್ಪಟೆ ಕಾಲಿಂದು, ನಮ್ಮ ಉರುಟು ಪಿನ್ ಹೋಗಲ್ಲ. ಅಡಾಪ್ಟರ್ ಒಂದು, ಅದಕ್ಕೆ ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಒಂದು, ಇಡೀ ಫ್ಯಾಮಿಲಿ ಫೋನು ಚಾರ್ಜ್ ಆಗತ್ತೆ. ವೋಲ್ಟೇಜ್ 230, ನಮ್ಮದೇ ತರ. ಅಮೆರಿಕಾ ಜಪಾನಿಗೆ ಹೋಗೋರು ಮಾತ್ರ ಚಾರ್ಜರ್ ಮೇಲೆ 100-240 ಅಂತ ಇದೆಯಾ ಓದಿ.

ತಿಂಡಿ ವಿಷಯಕ್ಕೆ ಅಜ್ಜಿ ಜೊತೆ ಸ್ವಲ್ಪ ಜಗಳ ಆಗತ್ತೆ. ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ ಎಲ್ಲ ಧಾರಾಳವಾಗಿ ತಗೊಂಡು ಹೋಗಿ. ಉಪ್ಪಿನಕಾಯಿ ತುಪ್ಪ ಚೆಕ್-ಇನ್ ಬ್ಯಾಗಿಗೆ, ಎರಡು ಕವರ್ ಸುತ್ತಿ. ಒಣ ಕೊಬ್ಬರಿ ಬೇಡ, ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ಕೊಳ್ಳೋ ಸಾಮಾನಿನ ಲೆಕ್ಕಕ್ಕೆ ಬರತ್ತೆ. ಗಸಗಸೆ ಖಂಡಿತ ಬೇಡ, ಸಿಂಗಾಪುರ, ಯುಎಇ ಎರಡೂ ಕಡೆ ಅದನ್ನ ಮಾದಕ ವಸ್ತು ಕಾನೂನಡಿ ನೋಡ್ತಾರೆ, ಮನೇಲಿ ಮಾಡಿದ ಮಸಾಲೆ ಪುಡೀಲಿ ಗಸಗಸೆ ಹಾಕಿದ್ದಾರಾ ಅಂತ ಕೇಳಿ. ಚೂಯಿಂಗ್ ಗಮ್ಮು, ಇ-ಸಿಗರೇಟು, ಗುಟ್ಕಾ ತರದ ಜಗಿಯೋ ತಂಬಾಕು ಸಿಂಗಾಪುರದೊಳಗೆ ತರೋ ಹಾಗೇ ಇಲ್ಲ. ಅಷ್ಟಕ್ಕೂ ಊಟದ ಚಿಂತೆ ಬೇಡ, ಸೆರಂಗೂನ್ ರೋಡಲ್ಲಿ ಎಂಟಿಆರೇ ಇದೆ, ಅಜ್ಜಿಗೆ ಅದನ್ನ ಹೇಳಿದ್ರೆ ಒಂದು ಬ್ಯಾಗ್ ಕಡಿಮೆ ಆಗತ್ತೆ.

ಜಾಸ್ತಿ ಒಡವೆ ಹಾಕ್ಕೊಂಡು ಹೋಗೋರು ಏರ್‌ಪೋರ್ಟ್ ಕಸ್ಟಮ್ಸಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಬೇಕು, ವಾಪಸ್ ಬರುವಾಗ ಇದು ನಮ್ಮದೇ ಅಂತ ತೋರಿಸೋಕ್ಕೆ. ಅದರ ಬದಲು ಲಾಕರಲ್ಲಿ ಬಿಟ್ಟು ಹೋಗಿ ಅನ್ನೋದು ನನ್ನ ಮಾತು.

ಶನಿವಾರ

ವೆಬ್ ಚೆಕ್-ಇನ್ ಬೆಳಿಗ್ಗೆನೇ ಮಾಡಿ, ಮಗು ಸೀಟು ಬೇರೆ ಕಡೆ ಬಿದ್ದಿದ್ರೆ ಆಗಲೇ ಗೊತ್ತಾಗತ್ತೆ. ಡಿಜಿಯಾತ್ರಾ (ಮುಖ ತೋರಿಸಿ ಏರ್ಪೋರ್ಟ್ ಒಳಗೆ ಹೋಗೋ ಆ್ಯಪ್) ಇದೆ ಬೇಗ ಹೋಗಬಹುದು ಅಂದ್ಕೊಬೇಡಿ, ಅದು ದೇಶದೊಳಗಿನ ಫ್ಲೈಟಿಗೆ. ಇಂಟರ್‌ನ್ಯಾಷನಲ್ ಎಲ್ಲ 2023ರ ಸೆಪ್ಟೆಂಬರಿಂದ ಟರ್ಮಿನಲ್ 2ಕ್ಕೆ ಹೋಗಿದೆ, ಕ್ಯಾಬಲ್ಲಿ ಅದನ್ನೇ ಹಾಕಿ. ಫ್ಲೈಟಿಗೆ ಮೂರು ಗಂಟೆ ಮುಂಚೆ ಅಲ್ಲಿರಬೇಕು, ಅದಕ್ಕೆ ನಿಮ್ಮ ಏರಿಯಾ ಹೆಬ್ಬಾಳದ ಆಚೆನಾ ಈಚೆನಾ ನೋಡಿ ಟೈಮ್ ಸೇರಿಸ್ಕೊಳ್ಳಿ, ಶನಿವಾರ ಸಂಜೆ ಮಳೆ ಬಂದ್ರೆ ಗೊತ್ತಲ್ಲ. ಜಯನಗರ, ಬನಶಂಕರಿ ಕಡೆಯೋರು ಎರಡು ಗಂಟೆಗಿಂತ ಕಡಿಮೆ ಇಟ್ಕೊಬೇಡಿ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಬರತ್ತೆ, ಬೆಂಗಳೂರಲ್ಲಿ ಇಳಿದು ಹತ್ತೋ ರಗಳೆ ಇಲ್ಲ.

ಮನೆ ಬಿಡೋ ಮುಂಚೆ ಗ್ಯಾಸ್ ರೆಗ್ಯುಲೇಟರ್, ನೀರಿನ ಮೋಟರು, ಗೀಸರ್ ಸ್ವಿಚ್, ಎಲ್ಲದರ ಒಂದೊಂದು ಫೋಟೋ ತೆಕ್ಕೊಳ್ಳಿ, ದಾರೀಲಿ ಗ್ಯಾಸ್ ಆಫ್ ಮಾಡಿದ್ವಾ ಅಂತ ಅಜ್ಜಿ ಕೇಳೇ ಕೇಳ್ತಾರೆ, ತೋರಿಸಿಬಿಡಿ.

ಇಳಿದ ಮೇಲೆ ಫೋನ್ ಏರೋಪ್ಲೇನ್ ಮೋಡಿಂದ ತೆಗೆಯೋ ಮುಂಚೆ ಊರಿನ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇದೆಯಾ ನೋಡಿ, ಟ್ರಾವೆಲ್ ಇ-ಸಿಮ್ಮಿನ ಡೇಟಾ ರೋಮಿಂಗ್ ಆನ್ ಮಾಡಿ, ಎಷ್ಟೋ ಜನ ಇದನ್ನೂ ಆಫ್ ಇಟ್ಟು ಇಂಟರ್ನೆಟ್ ಬರ್ತಿಲ್ಲ ಅಂತ ಒದ್ದಾಡ್ತಾರೆ. ನೆಟ್ ಬರ್ಲಿಲ್ಲ ಅಂದ್ರೆ ಚಾಂಗೀಲಿ ಫ್ರೀ ವೈಫೈ ಇದೆ. ಊರಿನ ಸಿಮ್ಮಿಗೆ ಅಲ್ಲಿನ ನೆಟ್‌ವರ್ಕ್ ಹೆಸರು ಬಂತಾ ನೋಡಿ, ಬ್ಯಾಂಕ್ ಆ್ಯಪಲ್ಲಿ ಓಟಿಪಿ ಬೇಕಾಗೋ ಯಾವುದಾದ್ರೂ ಒಂದನ್ನ ಒತ್ತಿ ಮೆಸೇಜ್ ಬರತ್ತಾ ಟೆಸ್ಟ್ ಮಾಡಿ, ಆಮೇಲೆ ಇಮಿಗ್ರೇಷನ್ ಆಟೋಮ್ಯಾಟಿಕ್ ಗೇಟ್ ಕಡೆ ಹೋಗಿ. 6 ವರ್ಷ ದಾಟಿದ ಮಕ್ಕಳೂ ಆ ಗೇಟಲ್ಲೇ ಹೋಗಬಹುದು, ಅಜ್ಜಿ ತಾತನ್ನ ಮುಂದೆ ಕಳಿಸಿ ನೀವು ಹಿಂದೆ ಬನ್ನಿ.